ಕೇಟರಿಂಗ್ ವ್ಯವಹಾರಕ್ಕೊಂದು ಸುಲಭದ ಸಿಎಂಎಸ್: ಮಾಟುಂಗದಲ್ಲಿ ಆರಿಸಿದ ಬಗೆ

ಮದುವೆ, ಉಪನಯನ, ಗೃಹಪ್ರವೇಶಕ್ಕೆ ಬಾಳೆ ಎಲೆ ಊಟ ಬಡಿಸುವ ಮಾಟುಂಗದ ಒಂದು ಸಣ್ಣ ಕೇಟರಿಂಗ್ ವ್ಯವಹಾರಕ್ಕೆ ಹೊಸ ವೆಬ್‌ಸೈಟ್ ಬೇಕಾಗಿತ್ತು. ಹಳೆಯದೊಂದು ಇತ್ತು. ಅದರಲ್ಲಿ ಊಟದ ದರ ಬದಲಾಯಿಸಬೇಕೆಂದರೆ ಕಟ್ಟಿಕೊಟ್ಟವರಿಗೇ ಫೋನ್ ಮಾಡಬೇಕು. ಅವರು ಮುಂಬಯಿ ಬಿಟ್ಟ ಮೇಲೆ ಫೋನ್ ಎತ್ತುವವರೂ ಇಲ್ಲ. ತರಕಾರಿ, ಎಣ್ಣೆ, ಗ್ಯಾಸು ಎಲ್ಲದರ ಬೆಲೆ ಏರಿದರೂ ಸೈಟಿನಲ್ಲಿ ಹಳೆಯ ದರವೇ ಉಳಿದಿತ್ತು. ಗಿರಾಕಿಗಳು ಅದನ್ನೇ ಫೋನಿನಲ್ಲಿ ತೋರಿಸಿ ಚೌಕಾಸಿಗೆ ಇಳಿಯುತ್ತಿದ್ದರು. ಸಣ್ಣ ವ್ಯವಹಾರದ ಸೈಟುಗಳು ಕೆಡುವುದು ಬಹುಪಾಲು ಹೀಗೆಯೇ. ಕಟ್ಟಿದ ದಿನ ಚೆಂದವಾಗಿಯೇ ಇರುತ್ತವೆ, ಆಮೇಲೆ ತಿದ್ದುವವರಿಲ್ಲದೆ ಹಾಳು ಬೀಳುತ್ತವೆ. ಆದ್ದರಿಂದ ಸಿಎಂಎಸ್ (ಕೋಡ್ ಬರೆಯದೆ ಸೈಟಿನ ಬರಹ, ಫೋಟೋ ತಿದ್ದಲು ಬಿಡುವ ವ್ಯವಸ್ಥೆ) ಆರಿಸುವಾಗ ನಾವು ಹಿಡಿದದ್ದು ಒಂದೇ ಅಳತೆ: ನಾಳೆ ದರ ತಿದ್ದುವವರು ಯಾರು, ಅವರ ಕೈಯಲ್ಲಿ ಇರುವುದು ಏನು, ಯಾರನ್ನೂ ಕೇಳದೆ ಅವರಿಂದ ಅದು ಆಗುತ್ತದೆಯೇ.

ಸಾಫ್ಟ್‌ವೇರ್ ನೋಡುವ ಮೊದಲು ಒಂದು ಹಾಳೆಯಲ್ಲಿ ಸೈಟಿನ ಪುಟಗಳನ್ನು ಬರೆದುಕೊಂಡು, ಪ್ರತಿಯೊಂದರ ಎದುರು ಎಷ್ಟು ಸಲ ಬದಲಾಗುತ್ತದೆ ಎಂದು ಗುರುತು ಹಾಕಿದೆವು. ವ್ಯವಹಾರದ ಪರಿಚಯ, ವಿಳಾಸ, ನಕ್ಷೆ ಇವು ವರ್ಷಕ್ಕೊಮ್ಮೆಯೂ ಬದಲಾಗುವುದಿಲ್ಲ. ಎಲೆಯೊಂದರ ದರ ವರ್ಷಕ್ಕೆ ಎರಡು ಮೂರು ಸಲ ಬದಲಾಗುತ್ತದೆ. ಮೆನು ಋತುವಿಗೆ ತಕ್ಕಂತೆ: ಆಟಿ ತಿಂಗಳಿಗೆ ಪತ್ರೊಡೆ, ಬೇಸಿಗೆಗೆ ಗುಜ್ಜೆ ಪಲ್ಯ, ಚೌತಿಗೆ ಮೋದಕ, ಕಡುಬು. ಬಡಿಸಿದ ಎಲೆಯ ಹೊಸ ಫೋಟೋಗಳು ಮದುವೆಯ ಸೀಸನ್ನಿನಲ್ಲಿ ವಾರಕ್ಕೊಮ್ಮೆ. ಬುಟ್ಟಿಗೆ ಹಾಕಿ ಹಣ ಕಟ್ಟುವ ಅಂಗಡಿ ಇಲ್ಲಿ ಬೇಕಿಲ್ಲ. ಜನ ವಿಚಾರಿಸುತ್ತಾರೆ, ಮಾತಾಡುತ್ತಾರೆ, ಮುಂಗಡ ಕೊಡುತ್ತಾರೆ. ತಿದ್ದುವವರು ಆಫೀಸು ನೋಡಿಕೊಳ್ಳುವ ಮ್ಯಾನೇಜರ್, ಅವರಿಲ್ಲದಾಗ ಮಾಲಕರ ಸೊಸೆ. ಇಬ್ಬರ ಕೈಯಲ್ಲಿರುವುದೂ ಆಂಡ್ರಾಯ್ಡ್ ಫೋನ್. ಕಂಪ್ಯೂಟರ್ ಬಿಲ್ ಮಾಡಲಿಕ್ಕೆ ಮಾತ್ರ. ಭಾಷೆ ಮೂರು: ಇಂಗ್ಲಿಷ್, ಕನ್ನಡ, ಮರಾಠಿ. ಮಹಾರಾಷ್ಟ್ರದಲ್ಲಿ ಅಂಗಡಿಯ ಬೋರ್ಡಿನ ಮೇಲೆ ದೇವನಾಗರಿಯಲ್ಲಿ ಮರಾಠಿ ಇರಲೇಬೇಕು. ಸೈಟಿನಲ್ಲಿ ಮರಾಠಿ ಇಟ್ಟದ್ದು ದಾದರ್, ಠಾಣೆ ಕಡೆಯ ಗಿರಾಕಿಗಳಿಗಾಗಿ.

ಈ ಹಾಳೆ ಒಂದಿದ್ದರೆ ಅರ್ಧ ಆಯ್ಕೆ ತಾನಾಗಿಯೇ ಆಗುತ್ತದೆ. ಶಾಪಿಫೈ ಅಂಗಡಿ ನಡೆಸಲಿಕ್ಕೆ ಒಳ್ಳೆಯದು, ಆದರೆ ಇಲ್ಲಿ ಬುಟ್ಟಿಯೇ ಇಲ್ಲವಾದ್ದರಿಂದ ಅದರ ತಿಂಗಳ ಬಾಡಿಗೆ ದಂಡ. ಜೂಮ್ಲಾ, ದ್ರುಪಲ್ ಗಟ್ಟಿ ವ್ಯವಸ್ಥೆಗಳೇ, ಆದರೆ ನೋಡಿಕೊಳ್ಳಲು ತಿಳಿದವರೊಬ್ಬರು ಸದಾ ಇರಬೇಕು. ಗೂಗಲ್‌ನ ಬಿಸಿನೆಸ್ ಪ್ರೊಫೈಲ್ (ಗೂಗಲ್ ಹುಡುಕಾಟದಲ್ಲಿ, ನಕ್ಷೆಯಲ್ಲಿ ಕಾಣುವ ಅಂಗಡಿಯ ವಿವರ) ಜೊತೆ ಪುಕ್ಕಟೆ ಸಿಗುತ್ತಿದ್ದ ಪುಟ್ಟ ವೆಬ್‌ಸೈಟನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ನಿಲ್ಲಿಸಿಬಿಟ್ಟಿತು. ಅದನ್ನೇ ನೆಚ್ಚಿದ್ದ ಸಣ್ಣ ಅಂಗಡಿಗಳ ಪುಟ ಇದ್ದಲ್ಲಿಂದ ಮಾಯವಾಯಿತು. ಪ್ರೊಫೈಲ್ ಮಾತ್ರ ಈಗಲೂ ಇದೆ, ಇರಲೇಬೇಕು. ಉಳಿದದ್ದು ಗೂಗಲ್ ಸೈಟ್ಸ್, ವಿಕ್ಸ್, ಸ್ಕ್ವೇರ್‌ಸ್ಪೇಸ್, ವರ್ಡ್‌ಪ್ರೆಸ್.

ಮೂರು ಕೆಲಸದ ಪರೀಕ್ಷೆ

ಈ ನಾಲ್ಕರಲ್ಲೂ ಎರಡು ಪುಟದ ಮಾದರಿ ಸೈಟ್ ಮಾಡಿ ಮ್ಯಾನೇಜರ್ ಕೈಗೆ ಕೊಟ್ಟೆವು. ಕೆಲಸ ಮೂರು: ಎಲೆಗೆ 350 ರೂಪಾಯಿ ಇದ್ದದ್ದನ್ನು 380 ಮಾಡಿ, ಫೋನಿನಲ್ಲಿರುವ ಒಂದು ಫೋಟೋ ಏರಿಸಿ, ಚೌತಿಯ ಮೆನುವನ್ನು ಕನ್ನಡದಲ್ಲಿ ಹಾಕಿ. ಆಮೇಲೆ ಮೂರನ್ನೂ ಮೊದಲಿದ್ದ ಹಾಗೆ ಮಾಡಿ. ಈ ಕೊನೆಯದೇ ದೊಡ್ಡ ಪರೀಕ್ಷೆ. ಕೆಟ್ಟುಹೋದರೆ ಹಿಂದಕ್ಕೆ ತರಬಹುದು ಎಂದು ಗೊತ್ತಿದ್ದವರು ಮಾತ್ರ ಧೈರ್ಯವಾಗಿ ತಿದ್ದುತ್ತಾರೆ. ನಾವು ಪಕ್ಕದಲ್ಲಿ ಕೂತೆವು, ಕೈ ಹಾಕಲಿಲ್ಲ. ಅವರು ಎಲ್ಲಿ ನಿಂತರು, ಏನು ಕೇಳಿದರು ಎಂದು ಬರೆದುಕೊಂಡೆವು.

ಗೂಗಲ್ ಸೈಟ್ಸ್ ಪುಕ್ಕಟೆ, ಸ್ವಂತ ಡೊಮೇನ್ (ಸೈಟಿನ ಹೆಸರಿನ ವಿಳಾಸ) ಜೋಡಿಸಲೂ ಬಿಡುತ್ತದೆ. ಆದರೆ ಅದರ ಎಡಿಟರ್ ಕಂಪ್ಯೂಟರಿಗಾಗಿ ಮಾಡಿದ್ದು, ವಿಚಾರಣೆಯ ಫಾರ್ಮ್ ಬೇಕಾದರೆ ಗೂಗಲ್ ಫಾರ್ಮ್ ತಂದು ಅಂಟಿಸಬೇಕು, ಮೂರು ಭಾಷೆಯ ಪುಟಗಳನ್ನು ಒಂದಕ್ಕೊಂದು ಜೋಡಿಸುವ ಏರ್ಪಾಡು ಇಲ್ಲ. ಒಂದೇ ಪುಟ, ಒಂದೇ ಭಾಷೆ ಸಾಕೆನ್ನುವ ಟೈಲರ್ ಅಂಗಡಿಗೋ ಟ್ಯೂಷನ್ ಕ್ಲಾಸಿಗೋ ನಾವು ಇದನ್ನೇ ಹೇಳುತ್ತೇವೆ.

ವಿಕ್ಸ್‌ನಲ್ಲಿ ಕಂಪ್ಯೂಟರಿನ ಮುಂದೆ ಕೂತರೆ ಕೆಲಸ ಸರಾಗ. ಬರಹವನ್ನು ಹಿಡಿದು ಎಲ್ಲಿ ಬೇಕೋ ಅಲ್ಲಿ ಇಡಬಹುದು. ತೊಂದರೆ ಇರುವುದೂ ಅಲ್ಲೇ. ಅದರ ಮಾಮೂಲಿ ಎಡಿಟರಿನಲ್ಲಿ ಫೋನಿನ ನೋಟಕ್ಕೆ ಬೇರೆಯೇ ಜೋಡಣೆ ಇರುತ್ತದೆ. ಕಂಪ್ಯೂಟರಿನಲ್ಲಿ ಸರಿ ಕಂಡದ್ದು ಫೋನಿನಲ್ಲಿ ಒಂದರ ಮೇಲೊಂದು ಬರಬಹುದು, ಪ್ರತಿ ಸಲ ಎರಡೂ ಕಡೆ ನೋಡಬೇಕು. ಟೆಂಪ್ಲೇಟ್ (ಸಿದ್ಧ ವಿನ್ಯಾಸ) ಒಮ್ಮೆ ಆರಿಸಿದರೆ ಆ ಸೈಟಿಗೆ ಅದೇ. ಬೇರೆ ಬೇಕೆಂದರೆ ಹೊಸ ಸೈಟನ್ನೇ ಕಟ್ಟಬೇಕು. ಪುಕ್ಕಟೆ ಪ್ಲಾನಿನಲ್ಲಿ ವಿಕ್ಸ್‌ನ ಜಾಹೀರಾತು ಕಾಣುತ್ತದೆ, ಸ್ವಂತ ಡೊಮೇನ್ ಜೋಡಿಸಲಾಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ಕಟ್ಟಿದ ಸೈಟನ್ನು ಎತ್ತಿಕೊಂಡು ಬೇರೆ ಹೋಸ್ಟಿಂಗಿಗೆ (ಸೈಟ್ ಇಡಲು ಜಾಗ ಬಾಡಿಗೆಗೆ ಕೊಡುವ ಸೇವೆಗೆ) ಹೋಗಲಾಗದು. ಸ್ಕ್ವೇರ್‌ಸ್ಪೇಸ್ ನೋಟಕ್ಕೆ ಬಹಳ ಅಚ್ಚುಕಟ್ಟು, 14 ದಿನ ಪರೀಕ್ಷಿಸಲು ಬಿಡುತ್ತದೆ, ಪುಕ್ಕಟೆ ಪ್ಲಾನ್ ಇಲ್ಲ.

ಹೊರದೇಶದ ಬಾಡಿಗೆ ಸೇವೆಗಳ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ 2021ರ ಅಕ್ಟೋಬರ್ 1ರಿಂದ ಬಿಗಿಯಾಗಿ ಜಾರಿಯಾದ ಮೇಲೆ, ಕಾರ್ಡಿನಿಂದ ತಾನಾಗಿ ಹಣ ಕಡಿತವಾಗಲು ಮೊದಲೇ ಒಪ್ಪಿಗೆ ನೋಂದಾಯಿಸಿರಬೇಕು, ಕಡಿತಕ್ಕೆ 24 ಗಂಟೆ ಮುಂಚೆ ಸೂಚನೆ ಬರಬೇಕು. ಆ ನೋಂದಣಿ ಸರಿಯಾಗಿ ಆಗದಿದ್ದರೆ ನವೀಕರಣದ ದಿನ ಹಣ ಹೋಗುವುದಿಲ್ಲ, ಸೇವೆ ನಿಲ್ಲುತ್ತದೆ. ಅದನ್ನು ತಿಳಿಸುವ ಇಮೇಲ್ ಯಾರೂ ತೆರೆಯದ ಪೆಟ್ಟಿಗೆಗೆ ಹೋಗಿರುತ್ತದೆ. ಜಿಎಸ್‌ಟಿ ಬಿಲ್ ಕೊಟ್ಟು ಯುಪಿಐಯಲ್ಲಿ ವರ್ಷದ ಹಣ ತೆಗೆದುಕೊಳ್ಳುವ ಇಲ್ಲಿಯ ಹೋಸ್ಟಿಂಗ್ ಸಣ್ಣ ವ್ಯವಹಾರಕ್ಕೆ ಎಷ್ಟೋ ನಿರಾಳ.

ವರ್ಡ್‌ಪ್ರೆಸ್‌ನಲ್ಲಿ ಮ್ಯಾನೇಜರ್ ಮೊದಲಿಗೆ ತಡವರಿಸಿದರು. ಲಾಗಿನ್ ಆದೊಡನೆ ಎಡಗಡೆ ಅಷ್ಟುದ್ದದ ಪಟ್ಟಿ. "ಅಣ್ಣ, ಇದ್ರಲ್ಲಿ ನಮ್ಗೆ ಬೇಕಾದ್ದು ಯಾವ್ದು?" ಎಂದು ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದು. ಅವರಿಗೆ ಎಲ್ಲ ಅಧಿಕಾರವಿರುವ ಅಡ್ಮಿನಿಸ್ಟ್ರೇಟರ್ ಬದಲು, ಬರಹ ತಿದ್ದಲು ಮಾತ್ರ ಬಿಡುವ ಎಡಿಟರ್ ಪಾತ್ರ ಕೊಟ್ಟಾಗ ಪ್ಲಗಿನ್ (ಸೌಲಭ್ಯ ಸೇರಿಸುವ ತುಣುಕು), ಥೀಮ್ (ಸೈಟಿನ ನೋಟ), ಸೆಟ್ಟಿಂಗ್ಸ್ ಎಲ್ಲ ಪಟ್ಟಿಯಿಂದ ಮರೆಯಾಗಿ ಪುಟ, ಪೋಸ್ಟ್ (ಬ್ಲಾಗಿನಂಥ ಬರಹ), ಮೀಡಿಯಾ ಇಷ್ಟೇ ಮುಖ್ಯವಾಗಿ ಉಳಿಯಿತು. ಆಮೇಲೆ ದರ ತಿದ್ದುವುದು ಫೋನಿನಲ್ಲೇ ಆಯಿತು: ಅಂಕಿಯ ಮೇಲೆ ಬೆರಳಿಟ್ಟು, ಅಳಿಸಿ, ಬರೆದು, ಮೇಲೆ ಬಲಗಡೆ ಸೇವ್. ಹಿಂದಕ್ಕೆ ತರಲು ರಿವಿಷನ್ಸ್ ತೆರೆದರೆ ಯಾವಾಗ ಯಾರು ಏನು ತಿದ್ದಿದರು ಎಂದು ಬಣ್ಣದಲ್ಲಿ ಕಾಣುತ್ತದೆ. ಬೇಕಾದದ್ದನ್ನು ಆರಿಸಿ ರಿಸ್ಟೋರ್ ಒತ್ತಿದರೆ ಮುಗಿಯಿತು. 2003ರಲ್ಲಿ ಬ್ಲಾಗಿಗಾಗಿ ಹುಟ್ಟಿದ ವರ್ಡ್‌ಪ್ರೆಸ್ ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಸೈಟುಗಳನ್ನು ನಡೆಸುತ್ತಿದೆ. ಕಟ್ಟಿದವರು ಕೈಬಿಟ್ಟರೂ ಅದನ್ನು ಬಲ್ಲ ಇನ್ನೊಬ್ಬರು ಡೊಂಬಿವಲಿಯಲ್ಲೂ ಸಿಗುತ್ತಾರೆ, ಪುಣೆಯಲ್ಲೂ ಸಿಗುತ್ತಾರೆ. ಹಾಗಾಗಿ ಅದನ್ನೇ ಆರಿಸಿದೆವು, ಸ್ವಂತ ಹೋಸ್ಟಿಂಗಿನಲ್ಲಿ ಹಾಕಿಕೊಳ್ಳುವ ಪುಕ್ಕಟೆ ಆವೃತ್ತಿಯನ್ನು. ಅದೇ ಹೆಸರಿನ ಡಾಟ್ ಕಾಮ್ ಬಾಡಿಗೆ ಸೇವೆ ಬೇರೆ. ಎರಡನ್ನೂ ಒಂದೇ ಎಂದುಕೊಂಡು ಹಣ ಕಟ್ಟಿದವರು ಬಹಳ ಮಂದಿ ಇದ್ದಾರೆ.

ಕನ್ನಡ ಹಾಕಿದಾಗ ಕಾಣುವ ತೊಡಕು

ಇಂಗ್ಲಿಷಿನಲ್ಲಿ ಪರೀಕ್ಷಿಸಿ ಒಪ್ಪಿದ ಸಿಎಂಎಸ್ ಕನ್ನಡ ಹಾಕಿದಾಗ ಬೇರೆಯೇ ಮುಖ ತೋರಿಸುತ್ತದೆ. ಮೊದಲ ತೊಡಕು ಹಳೆಯ ಪಠ್ಯ. ಕೇಟರಿಂಗಿನವರ ಬಳಿ ಇದ್ದ ಮೆನು ಪಟ್ಟಿಗಳು ಯಾವಾಗಲೋ ನುಡಿ, ಶ್ರೀಲಿಪಿ ಎಂಬ ಟೈಪಿಂಗ್ ತಂತ್ರಾಂಶಗಳಲ್ಲಿ ಪ್ರೆಸ್ಸಿನವರು ಟೈಪ್ ಮಾಡಿದವು. ಅವು ಯುನಿಕೋಡ್ (ಎಲ್ಲ ಸಾಧನಗಳೂ ಒಪ್ಪುವ ಅಕ್ಷರ ಸಂಕೇತ) ಅಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ, ಮೇಲೆ ಕನ್ನಡದ ಫಾಂಟ್. ಸೈಟಿಗೆ ಅಂಟಿಸಿದೊಡನೆ ಅರ್ಥವಿಲ್ಲದ ಅಕ್ಷರಗಳ ಸಾಲು. ಪರಿವರ್ತಕದಲ್ಲಿ ಹಾಕಿ ಯುನಿಕೋಡಿಗೆ ತರಬೇಕು, ತಂದ ಮೇಲೆ ಒಮ್ಮೆ ಕಣ್ಣಿಟ್ಟು ಓದಬೇಕು. ಅರ್ಕಾವತ್ತು, ರ-ಒತ್ತು, ಅಂಕಿಗಳು ಪರಿವರ್ತನೆಯಲ್ಲಿ ಜಾಗ ತಪ್ಪುವುದುಂಟು. ಹೊಸದಾಗಿ ಬರೆಯುವುದಕ್ಕೆ ಫೋನಿನ ಕೀಬೋರ್ಡೇ ಸಾಕು, ಅದು ಯುನಿಕೋಡನ್ನೇ ಬರೆಯುತ್ತದೆ.

ಎರಡನೆಯದು ಪುಟದ ವಿಳಾಸ. ಕನ್ನಡದಲ್ಲಿ ಶೀರ್ಷಿಕೆ ಕೊಟ್ಟರೆ ವರ್ಡ್‌ಪ್ರೆಸ್ ಅದರಿಂದಲೇ ವಿಳಾಸ ಮಾಡುತ್ತದೆ. ಯುನಿಕೋಡನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್. ವಿಳಾಸದಲ್ಲಿ ಪ್ರತಿ ಬೈಟ್ ಶೇಕಡಾ ಗುರುತು ಸೇರಿ 3 ಅಕ್ಷರವಾಗುತ್ತದೆ. ಅಂದರೆ ಒಂದು ಚಿಹ್ನೆಗೆ 9. ಸೈಟಿನ ಬರಹವೆಲ್ಲ ಇರುವ ಡೇಟಾಬೇಸಿನಲ್ಲಿ ಈ ವಿಳಾಸಕ್ಕೆ ಇರುವ ಜಾಗ 200 ಅಕ್ಷರ ಮಾತ್ರ. ಕಾಗುಣಿತದ ಗುರುತು, ಅರ್ಧಾಕ್ಷರದ ಗುರುತು ಎಲ್ಲ ಬೇರೆ ಬೇರೆ ಚಿಹ್ನೆಗಳಾದ್ದರಿಂದ 22 ಚಿಹ್ನೆಗೆ ಜಾಗ ತುಂಬುತ್ತದೆ. "ಗೌರಿ ಗಣೇಶ ಹಬ್ಬದ ವಿಶೇಷ ಊಟದ ಪಟ್ಟಿ" ಎಂದು ಶೀರ್ಷಿಕೆ ಕೊಟ್ಟು ನೋಡಿ. ವಿಳಾಸ "ಊಟದ" ಎಂಬಲ್ಲಿಗೆ ನಿಲ್ಲುತ್ತದೆ, "ಪಟ್ಟಿ" ಬಿದ್ದುಹೋಗುತ್ತದೆ. ಆ ಲಿಂಕನ್ನು ವಾಟ್ಸಾಪಿನಲ್ಲಿ ಅಂಟಿಸಿದರೆ ಶೇಕಡಾ ಗುರುತುಗಳ ಉದ್ದ ಸಾಲು, ಕಂಡವರು ಮೋಸದ ಲಿಂಕ್ ಎಂದು ಮುಟ್ಟುವುದೇ ಇಲ್ಲ. ಪರಿಹಾರ ಸುಲಭ: ಪ್ರಕಟಿಸುವ ಮೊದಲು ಸ್ಲಗ್ (ಪುಟದ ವಿಳಾಸದ ಕೊನೆಯ ಭಾಗ) ಎಂಬ ಖಾನೆಯಲ್ಲಿ ರೋಮನ್ ಅಕ್ಷರದಲ್ಲಿ ಎರಡು ಮೂರು ಪದ ಬರೆಯಬೇಕು. ಮರಾಠಿಗೂ ಇದೇ ಲೆಕ್ಕ. ಪ್ರಕಟವಾದ ಮೇಲೆ ಸ್ಲಗ್ ಬದಲಾಯಿಸುವುದು ಬೇಡ. ಪೋಸ್ಟ್ ಆದರೆ ವರ್ಡ್‌ಪ್ರೆಸ್ ಹಳೆಯ ವಿಳಾಸದಿಂದ ಹೊಸದಕ್ಕೆ ತಾನೇ ದಾರಿ ತೋರಿಸುತ್ತದೆ, ಪುಟಕ್ಕೆ ಆ ಸೌಲಭ್ಯವಿಲ್ಲ. ಹಂಚಿದ ಲಿಂಕೆಲ್ಲ ಮುರಿಯುತ್ತದೆ.

ಮೂರನೆಯದು ಅಕ್ಷರದ ನೋಟ. ಥೀಮಿನಲ್ಲಿ ಬರುವ ಬಹುತೇಕ ಫಾಂಟ್‌ಗಳಲ್ಲಿ ಕನ್ನಡವೇ ಇಲ್ಲ. ಆಗ ಬ್ರೌಸರ್ ಆ ಸಾಧನದಲ್ಲಿ ಇರುವ ಯಾವುದೋ ಕನ್ನಡ ಫಾಂಟ್ ಹಿಡಿಯುತ್ತದೆ: ಆಂಡ್ರಾಯ್ಡ್‌ನಲ್ಲಿ ಒಂದು, ವಿಂಡೋಸಿನಲ್ಲಿ ಇನ್ನೊಂದು. ಇಲ್ಲಿ ಬರಹಕ್ಕೆ ನೋಟೋ ಸಾನ್ಸ್ ಕನ್ನಡ, ಶೀರ್ಷಿಕೆಗೆ ಮುಂಬಯಿಯದೇ ಆದ ಏಕ್ ಟೈಪ್ ಬಳಗ ರೂಪಿಸಿದ ಬಾಲೂ ತಮ್ಮ ಬಳಸಿದೆವು. ಎರಡೂ ಮುಕ್ತ ಪರವಾನಗಿಯವು. ಫಾಂಟಿನ ದಪ್ಪ ಅಕ್ಷರದ ಕಡತವನ್ನೂ ಸೇರಿಸಬೇಕು. ಇಲ್ಲದಿದ್ದರೆ ಬ್ರೌಸರ್ ತೆಳು ಅಕ್ಷರವನ್ನೇ ಉಬ್ಬಿಸಿ ತೋರಿಸುತ್ತದೆ, ಒತ್ತಕ್ಷರ ಮಸಿ ಚೆಲ್ಲಿದ ಹಾಗೆ ಕಾಣುತ್ತದೆ. ಸಾಲುಗಳ ನಡುವಿನ ಅಂತರ ಶೀರ್ಷಿಕೆಗೆ ಅಕ್ಷರದ ಅಳತೆಯ 1.2 ಪಟ್ಟು ಎಂದು ಥೀಮ್ ಇಟ್ಟಿರುತ್ತದೆ. ಇಂಗ್ಲಿಷಿಗೆ ಅದು ಸರಿ. ಕನ್ನಡದಲ್ಲಿ ಎರಡು ಸಾಲಿನ ಶೀರ್ಷಿಕೆ ಬಂದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಶೀರ್ಷಿಕೆಗೆ 1.5, ಬರಹಕ್ಕೆ 1.7 ಇಟ್ಟೆವು. ಅಕ್ಷರಗಳ ನಡುವಿನ ಅಂತರವನ್ನು ಸೊನ್ನೆಗೆ ತಂದೆವು.

ಭಾಷೆಗಳನ್ನು ಜೋಡಿಸಲು ಪಾಲಿಲ್ಯಾಂಗ್ ಪ್ಲಗಿನ್‌ನ ಪುಕ್ಕಟೆ ಆವೃತ್ತಿ ಸಾಕಾಯಿತು. ಒಂದೊಂದು ಪುಟಕ್ಕೂ ಮೂರು ರೂಪ, ಮೂರಕ್ಕೂ ಕೊಂಡಿ. ಯಂತ್ರ ಅನುವಾದ ಮಾಡುವ ಪ್ಲಗಿನ್ ಹಾಕಲಿಲ್ಲ. ಹುಳಿ, ಸಾರು, ಮಜ್ಜಿಗೆ ಹುಳಿ ಎಂಬುದೆಲ್ಲ ಅದರ ಕೈಗೆ ಸಿಕ್ಕರೆ ಏನೇನೋ ಆಗುತ್ತದೆ, ಅಡುಗೆಯ ಹೆಸರೇ ತಪ್ಪಾದ ಮೆನುವನ್ನು ನಂಬಿ ಯಾರು ಮದುವೆಯ ಊಟ ಒಪ್ಪಿಸುತ್ತಾರೆ?

ದರ ಒಂದೇ ಕಡೆ ಇರಲಿ

ಎಲೆಯ ದರ ಮುಖಪುಟ, ಮೆನು, ವಿಚಾರಣೆ ಹೀಗೆ ಹಲವು ಕಡೆ ಕಾಣಬೇಕು, ಅದೂ ಮೂರು ಭಾಷೆಯಲ್ಲಿ. ಪ್ರತಿ ಕಡೆ ಬೇರೆ ಬೇರೆ ಬರೆದರೆ ಒಂದು ಕಡೆ 380, ಇನ್ನೊಂದು ಕಡೆ 350 ಉಳಿಯುವುದು ಖಂಡಿತ. ಅದಕ್ಕೆ ವರ್ಡ್‌ಪ್ರೆಸ್‌ನಲ್ಲಿ ಸಿಂಕ್ಡ್ ಪ್ಯಾಟರ್ನ್ ಇದೆ (6.3ರ ಮೊದಲು ಇದಕ್ಕೆ ರೀಯೂಸಬಲ್ ಬ್ಲಾಕ್ ಎನ್ನುತ್ತಿದ್ದರು). ದರದ ಅಂಕಿಯನ್ನು ಒಂದು ಪ್ಯಾಟರ್ನ್ ಮಾಡಿ, ಬೇಕಾದ ಪುಟಗಳಲ್ಲೆಲ್ಲ ಅದನ್ನೇ ಇಟ್ಟೆವು. ಒಂದು ಕಡೆ ತಿದ್ದಿದರೆ ಎಲ್ಲ ಕಡೆ ಬದಲಾಗುತ್ತದೆ. ಕೋಷ್ಟಕ ಹಾಕುವ ಟೇಬಲ್ ಬ್ಲಾಕನ್ನು ಬೇಕೆಂದೇ ಬಿಟ್ಟೆವು. ಫೋನಿನ ಪರದೆಯಲ್ಲಿ ಅದರ ಸಣ್ಣ ಖಾನೆಯೊಳಗೆ ಬೆರಳಿಟ್ಟು ಅಂಕಿ ತಿದ್ದುವುದು ಕಷ್ಟ, ಪಕ್ಕದ ಖಾನೆ ಅಳಿಸಿಹೋಗುತ್ತದೆ. ಊಟದ ಹೆಸರು ಒಂದು ಸಾಲು, ದರ ಅದರ ಕೆಳಗೆ ದಪ್ಪಕ್ಷರದಲ್ಲಿ ಇನ್ನೊಂದು ಸಾಲು, ಅಷ್ಟೇ.

ಇಲ್ಲೊಂದು ಗುಂಡಿ ಇದೆ. ಸೈಟ್ ಬೇಗ ತೆರೆಯಲೆಂದು ಪುಟದ ಸಿದ್ಧ ಪ್ರತಿ ಇಟ್ಟುಕೊಳ್ಳಲು ಹಾಕುವ ಕ್ಯಾಷ್ ಪ್ಲಗಿನ್‌ಗಳಲ್ಲಿ ಕೆಲವು, ಪುಟ ತಿದ್ದಿದಾಗ ಆ ಪುಟದ ಹಳೆಯ ಪ್ರತಿಯನ್ನು ಅಳಿಸುತ್ತವೆ, ಆದರೆ ಪ್ಯಾಟರ್ನ್ ತಿದ್ದಿದಾಗ ಅದನ್ನು ಬಳಸಿದ ಪುಟಗಳ ಪ್ರತಿಯನ್ನು ಅಳಿಸುವುದಿಲ್ಲ. ಮ್ಯಾನೇಜರ್‌ಗೆ ಹೊಸ ದರ ಕಾಣುತ್ತದೆ, ಏಕೆಂದರೆ ಅವರು ಲಾಗಿನ್ ಆಗಿದ್ದಾರೆ. ಗಿರಾಕಿಗೆ ಹಳೆಯದೇ ಕಾಣುತ್ತದೆ. ಯಾವುದೇ ಬದಲಾವಣೆಗೆ ಪೂರ್ತಿ ಕ್ಯಾಷ್ ಅಳಿಸುವಂತೆ ಸೆಟ್ಟಿಂಗ್ ಮಾಡಬೇಕು, ಲಾಗಿನ್ ಆಗದ ಇನ್ನೊಂದು ಫೋನಿನಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳಬೇಕು.

ಥೀಮ್ ವರ್ಡ್‌ಪ್ರೆಸ್‌ನ ಜೊತೆಗೇ ಬರುವ ಬ್ಲಾಕ್ ಥೀಮ್ (ಪುಟವನ್ನು ತುಂಡು ತುಂಡಾಗಿ ಜೋಡಿಸುವಂಥದ್ದು). ಎಲ್ಲವನ್ನೂ ಮಾಡುತ್ತೇನೆನ್ನುವ ಭಾರದ ಥೀಮ್ ಮತ್ತು ಪೇಜ್ ಬಿಲ್ಡರ್ (ಪುಟ ಜೋಡಿಸುವ ಪ್ರತ್ಯೇಕ ಪ್ಲಗಿನ್) ಸಣ್ಣ ಸೈಟಿಗೆ ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. ಹಳೆಯ ಕೆಲವು ಬಿಲ್ಡರ್‌ಗಳನ್ನು ತೆಗೆದೊಡನೆ ಪುಟದ ತುಂಬ ಚೌಕ ಆವರಣದ ಸಂಕೇತಗಳು ಉಳಿಯುತ್ತವೆ, ಬರಹವನ್ನು ಅದರಿಂದ ಹೆಕ್ಕಿ ತೆಗೆಯಬೇಕಾಗುತ್ತದೆ. ಹಣದ ಥೀಮಿನ ಕದ್ದ ಪ್ರತಿಯನ್ನು, ಅಂದರೆ ನಲ್ಡ್ ಥೀಮನ್ನು, ಯಾರಾದರೂ ಇನ್ನೂರು ಮುನ್ನೂರಕ್ಕೆ ಕೊಡುತ್ತೇನೆಂದರೆ ಮುಟ್ಟಬಾರದು; ಒಳಗೆ ಬೇರೆಯವರು ನುಗ್ಗಲು ಬಾಗಿಲು ತೆರೆದಿಟ್ಟಿರುವುದು ಸಾಮಾನ್ಯ.

ಫೋಟೋ ವಿಷಯದಲ್ಲಿ ಒಂದೇ ನಿಯಮ: ಅಗಲ 1600 ಪಿಕ್ಸೆಲ್, ತೂಕ 300 ಕೆಬಿಯ ಒಳಗೆ. ಫೋನಿನ ಫೋಟೋ 3ರಿಂದ 5 ಎಂಬಿ ಇರುತ್ತದೆ. ವರ್ಡ್‌ಪ್ರೆಸ್ 2560 ಪಿಕ್ಸೆಲ್‌ಗಿಂತ ದೊಡ್ಡದನ್ನು ತಾನೇ ಕುಗ್ಗಿಸುತ್ತದೆ, ಆದರೆ ಮೂಲವನ್ನೂ ಇಟ್ಟುಕೊಳ್ಳುತ್ತದೆ, ಜೊತೆಗೆ ಹಲವು ಅಳತೆಯ ಪ್ರತಿ ಮಾಡುತ್ತದೆ. ಹೋಸ್ಟಿಂಗಿನ ಜಾಗ ತುಂಬುವುದು ಹೀಗೆ. ಮೆನುವನ್ನು ಫೋಟೋ ಆಗಿಯೋ ಪಿಡಿಎಫ್ ಆಗಿಯೋ ಹಾಕುವುದು ಬೇಡ, ಬರಹವಾಗಿಯೇ ಇರಲಿ. "ಮಾಟುಂಗ ಬಾಳೆ ಎಲೆ ಊಟ" ಎಂದು ಹುಡುಕಿದವರಿಗೆ ಸಿಗುವುದು ಬರಹ.

ವಿಚಾರಣೆಯ ಫಾರ್ಮ್ ಬಹಳ ಸೈಟುಗಳಲ್ಲಿ ಸದ್ದಿಲ್ಲದೆ ಕೆಟ್ಟಿರುತ್ತದೆ. ಗಿರಾಕಿ ಹೆಸರು, ದಿನಾಂಕ, ಎಷ್ಟು ಎಲೆ ಎಂದು ತುಂಬಿ ಒತ್ತುತ್ತಾರೆ, "ಧನ್ಯವಾದ" ಎಂದು ಬರುತ್ತದೆ, ಇಮೇಲ್ ಮಾತ್ರ ತಲುಪುವುದಿಲ್ಲ. ಕಾರಣ, ಸರ್ವರ್ ನೇರವಾಗಿ ಕಳಿಸುವ ಇಮೇಲಿಗೆ ಗುರುತಿನ ಪುರಾವೆ ಇಲ್ಲ. 2024ರ ಫೆಬ್ರವರಿಯಿಂದ ಜಿಮೇಲ್ ತನಗೆ ಕಳಿಸುವ ಎಲ್ಲರಿಂದಲೂ ಎಸ್‌ಪಿಎಫ್ ಅಥವಾ ಡಿಕಿಮ್ ಎಂಬ ಗುರುತಿನ ಪುರಾವೆ ಕೇಳುತ್ತದೆ. ಇಮೇಲ್ ಖಾತೆಯ ಮೂಲಕ ಕಳಿಸುವ ಎಸ್‌ಎಂಟಿಪಿ ಪ್ಲಗಿನ್ ಹಾಕಿ, ಡೊಮೇನಿನದೇ ಇಮೇಲ್ ಖಾತೆಯಿಂದ ಕಳಿಸುವಂತೆ ಮಾಡಿ, ಡಿಎನ್‌ಎಸ್‌ನಲ್ಲಿ (ಡೊಮೇನಿನ ದಾಖಲೆಗಳ ಪಟ್ಟಿಯಲ್ಲಿ) ಈ ಎರಡೂ ದಾಖಲೆ ಸೇರಿಸಬೇಕು. "ಇಂದ" ಎಂಬ ಜಾಗದಲ್ಲಿ ಗಿರಾಕಿಯ ವಿಳಾಸ ಇಡಬಾರದು, ಅದು ಉತ್ತರದ ವಿಳಾಸದ ಖಾನೆಗೆ. ಬಂದ ವಿಚಾರಣೆ ಡೇಟಾಬೇಸಿನಲ್ಲೂ ಉಳಿಯುವ ಫಾರ್ಮ್ ಪ್ಲಗಿನ್ ಆರಿಸಿದರೆ ಇಮೇಲ್ ತಪ್ಪಿದರೂ ಗಿರಾಕಿ ತಪ್ಪುವುದಿಲ್ಲ.

ಬೀಗದ ಕೈ ಮಾಲಕರ ಬಳಿ

ಹಳೆಯ ಸೈಟಿನ ಡೊಮೇನ್ ಅದನ್ನು ಕಟ್ಟಿದವರ ಇಮೇಲಿನಲ್ಲಿ ನೋಂದಣಿಯಾಗಿತ್ತು. ಪರಿಚಯದವರ ಮೂಲಕ ಅವರನ್ನು ಹಿಡಿದು, ಲಾಕ್ ತೆಗೆಸಿ, ವರ್ಗಾವಣೆಯ ಕೋಡ್ ಪಡೆದು ಮಾಲಕರ ಹೆಸರಿಗೆ ತರಬೇಕಾಯಿತು. ಡಾಟ್ ಇನ್ ಡೊಮೇನಿಗೆ ವರ್ಷಕ್ಕೆ ಸಾಮಾನ್ಯವಾಗಿ ಸಾವಿರ ರೂಪಾಯಿಯೂ ಆಗುವುದಿಲ್ಲ, ಆದರೆ ವ್ಯವಹಾರದ ಹೆಸರೇ ಅದು. ಮಾಲಕರ ಸ್ವಂತ ಇಮೇಲ್, ಸ್ವಂತ ಮೊಬೈಲ್ ಕೊಟ್ಟೇ ನೋಂದಾಯಿಸಬೇಕು. ಡೊಮೇನ್ ಒಂದು ಕಡೆ, ಹೋಸ್ಟಿಂಗ್ ಇನ್ನೊಂದು ಕಡೆ ಇದ್ದರೆ ಒಂದರ ಜಗಳ ಇನ್ನೊಂದಕ್ಕೆ ತಾಗುವುದಿಲ್ಲ. ಹೋಸ್ಟಿಂಗ್ ಕೊಳ್ಳುವಾಗ ಮೊದಲ ವರ್ಷದ ರಿಯಾಯಿತಿ ದರ ನೋಡದೆ ನವೀಕರಣದ ದರ ನೋಡಿ, ಅದಕ್ಕೆ 18 ಶೇಕಡಾ ಜಿಎಸ್‌ಟಿ ಸೇರಿಸಿ ಹೋಲಿಸಬೇಕು. ಸರ್ವರ್ ಮುಂಬಯಿಯಲ್ಲಿದೆಯೇ, ವರ್ಡ್‌ಪ್ರೆಸ್ ನಡೆಸುವ ಪಿಎಚ್‌ಪಿ ಭಾಷೆಯ ಆವೃತ್ತಿ 8ರ ಮೇಲಿದೆಯೇ, ಸೈಟ್ ಸುರಕ್ಷಿತ ಎಂದು ಬ್ರೌಸರಿಗೆ ತೋರಿಸುವ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ತಾನಾಗಿ ನವೀಕರಣವಾಗುತ್ತದೆಯೇ ಎಂದು ಕೇಳಬೇಕು. ಆ ಸರ್ಟಿಫಿಕೇಟಿನ ಆಯುಸ್ಸು ಹೆಚ್ಚೆಂದರೆ 90 ದಿನ. ನವೀಕರಣ ನಿಂತರೆ ಗಿರಾಕಿಯ ಫೋನಿನಲ್ಲಿ ಎಚ್ಚರಿಕೆಯ ಪರದೆ ಬಂದು ಕೂರುತ್ತದೆ.

ಒಪ್ಪಿಸುವ ಮೊದಲು ಸೈಟನ್ನು ಬ್ಯಾಕಪ್ಪಿನಿಂದ ಇನ್ನೊಂದು ಸಬ್‌ಡೊಮೇನಿನಲ್ಲಿ (ಡೊಮೇನಿನ ಉಪವಿಳಾಸದಲ್ಲಿ) ಎಬ್ಬಿಸಿ ನೋಡಿದೆವು. ವರ್ಡ್‌ಪ್ರೆಸ್‌ನ ಟೂಲ್ಸ್ ಒಳಗಿನ ಎಕ್ಸ್‌ಪೋರ್ಟ್ ಕೊಡುವ ಕಡತದಲ್ಲಿ ಬರಹ ಇರುತ್ತದೆ, ಫೋಟೋಗಳ ವಿಳಾಸ ಮಾತ್ರ ಇರುತ್ತದೆ, ಫೋಟೋ ಇರುವುದಿಲ್ಲ. ಹಳೆಯ ಸೈಟ್ ಬಿದ್ದ ಮೇಲೆ ಅದನ್ನು ನಂಬಿದರೆ ಫೋಟೋ ಒಂದೂ ಸಿಗದು. ಡೇಟಾಬೇಸ್ ಮತ್ತು ಫೋಟೋ, ಥೀಮ್, ಪ್ಲಗಿನ್ ಇರುವ ಡಬ್ಲ್ಯುಪಿ-ಕಂಟೆಂಟ್ ಫೋಲ್ಡರ್ ಎರಡೂ ಸೇರಿದರೆ ಬ್ಯಾಕಪ್. ಅಪ್‌ಡ್ರಾಫ್ಟ್‌ಪ್ಲಸ್ ಪ್ಲಗಿನ್ ವಾರಕ್ಕೊಮ್ಮೆ ಅದನ್ನು ಮಾಲಕರ ಗೂಗಲ್ ಡ್ರೈವಿಗೆ ಹಾಕುತ್ತದೆ.

ಕೊನೆಗೆ ಮ್ಯಾನೇಜರ್‌ಗೆ ಕನ್ನಡದಲ್ಲಿ ಒಂದು ಪುಟದ ಬರಹ ಕೊಟ್ಟೆವು: ದರ ತಿದ್ದುವುದು, ಫೋಟೋ ಹಾಕುವುದು, ಹಿಂದಕ್ಕೆ ತರುವುದು. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಮಾಲಕರ ಹತ್ತಿರ. ಪ್ಲಗಿನ್ ಅಪ್‌ಡೇಟ್ ತಿಂಗಳಿಗೊಮ್ಮೆ, ಮೊದಲು ಬ್ಯಾಕಪ್ ತೆಗೆದು, ವಾರದ ನಡುವಿನ ಬೆಳಗ್ಗೆ. ಮುಗಿದೊಡನೆ ಫಾರ್ಮನ್ನು ಒಮ್ಮೆ ತುಂಬಿ ಇಮೇಲ್ ಬಂತೇ ಎಂದು ನೋಡಬೇಕು. ಸುರಕ್ಷತೆಯ ತುರ್ತು ಅಪ್‌ಡೇಟ್ ಮಾತ್ರ ಯಾವಾಗ ಬಂದರೂ ಆಗಲೇ ಹಾಕಬೇಕು. ಉಳಿದದ್ದನ್ನು ಚೌತಿ, ನವರಾತ್ರಿಯ ವಾರ ಮುಟ್ಟುವುದು ಬೇಡ. ಆ ದಿನಗಳಲ್ಲಿ ವಿಚಾರಣೆ ಹೆಚ್ಚು, ಸೈಟ್ ಕೆಟ್ಟರೆ ಸರಿಮಾಡಲು ಯಾರಿಗೂ ಬಿಡುವಿರುವುದಿಲ್ಲ.